ಯೌನ್ಸ್ ಎಂದರೆ ಹೊಸದೋ, ಎಳೆಯದೋ?

ಮೈಸೂರಿನ ಓದುಗರೊಬ್ಬರ ಪತ್ರ: “ಮಗಳು ಲಾಟ್ವಿಯಾದ ರೀಗಾದಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಹೊಸ ವರ್ಷಕ್ಕೆ ‘ಲೈಮೀಗು ಯೌನುವೊ ಗದು’ ಎಂದು ಮೆಸೇಜ್ ಕಳಿಸಿದ್ದಳು. ‘ಯೌನ್ಸ್’ ಅಂದರೆ ಹೊಸದು, ಚಿಕ್ಕ ವಯಸ್ಸಿನವರಿಗೂ ಅದೇ ಪದ ಅನ್ನುತ್ತಾಳೆ. ಇದು ನಮ್ಮ ‘ಯೌವನ’ವೇ ಅಲ್ವಾ? ಸಂಸ್ಕೃತದಿಂದ ಅಲ್ಲಿಗೆ ಹೋಯಿತೇ? ‘ಯೌನ್ಸ್ ಆರ್ಸ್ತ್ಸ್’ ಎಂದರೆ ಹೊಸ ಡಾಕ್ಟರೋ, ಚಿಕ್ಕ ವಯಸ್ಸಿನ ಡಾಕ್ಟರೋ?”

ಸಂಪಾದಕರ ಉತ್ತರ:

ನಮಸ್ಕಾರ. ನೀವು ಗುರುತಿಸಿದ ನಂಟು ನಿಜ. ಆದರೆ ಪದ ಸಂಸ್ಕೃತದಿಂದ ಅಲ್ಲಿಗೆ ಹೋದದ್ದಲ್ಲ. ಸಂಸ್ಕೃತದ ‘ಯುವನ್’, ಲ್ಯಾಟಿನ್ನಿನ ‘ಯುವೆನಿಸ್’, ರಷ್ಯನ್ನಿನ ‘ಯೂನಿಯ್’, ಲಾಟ್ವಿಯನ್ನಿನ ‘ಯೌನ್ಸ್’ ಇವೆಲ್ಲ ಒಂದೇ ಹಳೆಯ ಇಂಡೋ-ಯುರೋಪಿಯನ್ ಬೇರಿನಿಂದ ಬಂದವು. ಎಲ್ಲವೂ ಸಂಸ್ಕೃತದಿಂದಲೇ ಹುಟ್ಟಿದವು ಎಂಬ ಮೆಸೇಜುಗಳು ಜಾಸ್ತಿ ಓಡಾಡುತ್ತವೆ, ದಯವಿಟ್ಟು ನಂಬಬೇಡಿ. ನಮ್ಮ ಕನ್ನಡಕ್ಕೂ ‘ಯೌವನ’ ಸಂಸ್ಕೃತದಿಂದ ಬಂದ ಪದವೇ.

ಇನ್ನು ‘ಹೊಸ’ ಎಂಬ ಅರ್ಥ ಹೇಗೆ ಬಂತು? ನನಗೆ ತುಂಬಾ ಇಷ್ಟವಾದ ಭಾಗ ಇದು. ಪಕ್ಕದ ಲಿಥುವೇನಿಯನ್ ನೋಡಿ. ಅಲ್ಲಿ ಎಳೆಯದಕ್ಕೆ ‘ಯೌನಸ್’, ಹೊಸದಕ್ಕೆ ‘ನೌಯಸ್’. ನ ಮತ್ತು ಯ ಮಾತ್ರ ಜಾಗ ಬದಲಿಸಿವೆ. ಈ ‘ನೌಯಸ್’ ಸಂಸ್ಕೃತದ ‘ನವ್ಯ’ಕ್ಕೆ ನೇರ ಸಂಬಂಧಿ. ನಾವು ನವ್ಯ ಸಾಹಿತ್ಯ ಅನ್ನುತ್ತೇವಲ್ಲ, ಅದೇ ನವ್ಯ. ಲಾಟ್ವಿಯನ್ನಿನಲ್ಲಿ ಈ ಎರಡೂ ಪದಗಳು ಬೆರೆತು ಒಂದೇ ಆದವು ಎಂದು ಭಾಷೆ ಬಲ್ಲವರು ವಿವರಿಸುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಬಳಕೆಯಲ್ಲಿ ಇದು ಎಲ್ಲೆಲ್ಲೂ ಇದೆ. ಹೊಸ ಆಲೂಗಡ್ಡೆಗೆ, ನವದಂಪತಿಗೆ, ಅಮಾವಾಸ್ಯೆ ಕಳೆದ ಹೊಸ ಚಂದ್ರನಿಗೆ ಇದೇ ಪದ. ಗಿಣ್ಣದ ಹಾಲಿಗೆ ‘ಯೌನ್‌ಪಿಯೆನ್ಸ್’ ಅನ್ನುತ್ತಾರೆ, ಅಂದರೆ ಹೊಸ ಹಾಲು. ತಮ್ಮನಿಗೂ ತಾಜಾ ಸುದ್ದಿಗೂ ಒಂದೇ ರೂಪ. ರೀಗಾದಲ್ಲಿ 1911ರಿಂದ 1940ರವರೆಗೆ ನಡೆದ ದೊಡ್ಡ ಪತ್ರಿಕೆಯ ಹೆಸರೇ ‘ಯೌನಾಕಾಸ್ ಜಿನ್ಯಾಸ್’, ತೀರಾ ಹೊಸ ಸುದ್ದಿ ಎಂದು. ಎದುರು ಪದ ‘ವೆತ್ಸ್’. ಅದೂ ಹೀಗೆಯೇ, ಮುದುಕರಿಗೂ ಸರಿ, ಹಳೇ ಮನೆಗೂ ಸರಿ. ಮಗಳು ಓಡಾಡುವ ಹಳೆಯ ಪೇಟೆ ‘ವೆತ್ಸ್‌ರೀಗ’ದಲ್ಲಿ ಇರುವುದು ಇದೇ.

ಡಾಕ್ಟರ ವಿಷಯಕ್ಕೆ ಬರೋಣ. ಸುಮ್ನೆ ‘ಯೌನ್ಸ್ ಆರ್ಸ್ತ್ಸ್’ ಅಂದರೆ ಎರಡೂ ಆಗಬಹುದು, ಮಾತಿನ ಸಂದರ್ಭ ನೋಡಿಯೇ ತಿಳಿಯಬೇಕು. ‘ಯೌನೈಸ್ ಆರ್ಸ್ತ್ಸ್’ ಅಂದರೆ ಆ ಹೊಸ ಡಾಕ್ಟರು, ಯಾರೆಂದು ಕೇಳುವವರಿಗೂ ಗೊತ್ತು. ‘ಒಬ್ಬರು’, ‘ಆ’ ಎಂದು ಬೇರೆ ಪದ ಸೇರಿಸಿ ನಾವು ಹೇಳುವುದನ್ನು ಲಾಟ್ವಿಯನ್ನರು ಗುಣವಾಚಕದ ಕೊನೆಯಲ್ಲೇ ಹೇಳಿಬಿಡುತ್ತಾರೆ. ಬಹಳ ಹಿಂದೆ ಒಂದು ಸರ್ವನಾಮ ಬಂದು ಗುಣವಾಚಕಕ್ಕೆ ಅಂಟಿಕೊಂಡು ಆದ ರೂಪ ಅದು. ಮಗಳ ಶುಭಾಶಯದ ‘ಯೌನುವೊ’ ಕೂಡ ಅದೇ ಜಾತಿಯದು. ವಯಸ್ಸನ್ನೇ ಹೇಳಬೇಕಾದರೆ ‘ಗದುವೊಸ್ ಯೌನ್ಸ್’ ಅನ್ನುತ್ತಾರೆ, ಅಂದರೆ ವಯಸ್ಸಿನಲ್ಲಿ ಚಿಕ್ಕವರು. ಆಗ ಗೊಂದಲವೇ ಇರುವುದಿಲ್ಲ.