ಹಳೆಯ ಟಕೋಮಾದ ಟೈಮಿಂಗ್ ಬೆಲ್ಟ್: ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ: ಅಮೆರಿಕದ ಟೆಕ್ಸಸ್‌ನಲ್ಲಿದ್ದೇನೆ. ಹೋದ ವರ್ಷ 2002ರ ಟೊಯೋಟಾ ಟಕೋಮಾ ಪಿಕಪ್ ಸೆಕೆಂಡ್ ಹ್ಯಾಂಡ್ ತಗೊಂಡೆ. 3.4 ಲೀಟರ್ ವಿ6 ಎಂಜಿನ್, 1,70,000 ಮೈಲಿ ಓಡಿದೆ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಅನ್ನೋದಕ್ಕೆ ದಾಖಲೆ ಇಲ್ಲ. ಗ್ಯಾರೇಜಿನಲ್ಲಿ ಹೇಳಿದ ರೇಟ್ ಕೇಳಿ ಸುಸ್ತಾದೆ. ಬ್ರೇಕ್ ಪ್ಯಾಡ್, ಆಯಿಲ್ ಎಲ್ಲ ನಾನೇ ಬದಲಿಸುತ್ತೇನೆ. ಇದನ್ನೂ ಮನೆಯಲ್ಲೇ ಮಾಡಬಹುದಾ? ತಪ್ಪಿದರೆ ಎಂಜಿನ್ನೇ ಹೋಗುತ್ತೆ ಅಂತ ಸ್ನೇಹಿತರು ಹೆದರಿಸುತ್ತಿದ್ದಾರೆ.

ಉತ್ತರ: ಮಾಡಬಹುದು. ಟೈಮಿಂಗ್ ಬೆಲ್ಟ್ ಅಂದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಕ್ಯಾಮ್‌ಗಳು (ವಾಲ್ವ್ ತೆರೆಯುವ ದಂಡಗಳು) ತಾಳ ತಪ್ಪದೆ ಒಟ್ಟಿಗೆ ತಿರುಗುವಂತೆ ಮಾಡುವ ಹಲ್ಲಿನ ಬೆಲ್ಟ್. ನಿಮ್ಮ ಸ್ನೇಹಿತರು ಹೇಳಿದ್ದು ಬೇರೆ ಎಷ್ಟೋ ಎಂಜಿನ್‌ಗಳಿಗೆ ನಿಜ, ನಿಮ್ಮದಕ್ಕಲ್ಲ. ಈ 5ವಿಝಡ್-ಎಫ್‌ಇ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೂ ವಾಲ್ವ್‌ಗಳು ಪಿಸ್ಟನ್‌ಗೆ ತಾಗುವುದಿಲ್ಲ. ಗಾಡಿ ನಿಂತಲ್ಲೇ ನಿಲ್ಲುತ್ತೆ, ಎಳೆಸಿಕೊಂಡು ಬರಬೇಕು, ಅಷ್ಟೇ. ಮೊದಲ ಸಲ ಕೈ ಹಾಕುವವರಿಗೆ ಇದಕ್ಕಿಂತ ಒಳ್ಳೆ ಎಂಜಿನ್ ಸಿಗೋದು ಕಷ್ಟ. ಆದರೆ ನಿಮ್ಮದು ವಿ6 ಅನ್ನೋದು ಖಾತ್ರಿ ಮಾಡಿಕೊಳ್ಳಿ. ಅದೇ ಕಾಲದ ನಾಲ್ಕು ಸಿಲಿಂಡರ್ ಟಕೋಮಾಗಳಲ್ಲಿ ಬೆಲ್ಟ್ ಇಲ್ಲ, ಚೈನ್ ಇದೆ.

ಟೊಯೋಟಾ ಹೇಳುವ ಲೆಕ್ಕ 90,000 ಮೈಲಿಗೊಮ್ಮೆ. ದಾಖಲೆ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ತಿಳಿಯಿರಿ. ಹಳೇ ಬೆಲ್ಟ್ ಬಿಚ್ಚಿ ನೋಡಿದರೆ ಚೆನ್ನಾಗೇ ಕಾಣಬಹುದು. ಅದನ್ನು ನಂಬಬೇಡಿ, ರಬ್ಬರ್ ಒಳಗಿನ ದಾರ ಸವೆದಿದ್ದು ಕಣ್ಣಿಗೆ ಕಾಣುವುದಿಲ್ಲ.

ಬರೀ ಬೆಲ್ಟ್ ತರಬೇಡಿ. ವಾಟರ್ ಪಂಪ್ ಅದೇ ಬೆಲ್ಟ್‌ನಿಂದ ತಿರುಗುತ್ತೆ, ಅದೇ ಕವರ್ ಹಿಂದೆ ಕೂತಿದೆ. ಇನ್ನೊಂದು ವರ್ಷಕ್ಕೆ ಅದು ಸೋರಿದರೆ ಈ ಕೆಲಸವನ್ನೆಲ್ಲ ಮೊದಲಿಂದ ಮಾಡಬೇಕು. ಬೆಲ್ಟ್, ಪಂಪ್, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಇಡುವ ಭಾಗ), ಎರಡು ಐಡ್ಲರ್ ಬೇರಿಂಗ್ (ಬೆಲ್ಟ್ ಹಾದುಹೋಗುವ ಉರುಳೆಗಳು) ಎಲ್ಲ ಸೇರಿದ ಐಸಿನ್ ಕಂಪನಿಯ ಕಿಟ್ ಸಿಗುತ್ತೆ, ಅದನ್ನು ತಗೊಳ್ಳಿ. ತೀರಾ ಅಗ್ಗದ, ಹೆಸರೇ ಕೇಳಿರದ ಕಿಟ್ ಬೇಡ. ಜೊತೆಗೆ ಟೊಯೋಟಾದ ಕೆಂಪು ಕೂಲೆಂಟ್ ತನ್ನಿ. ಹಸಿರು ಬೆರೆಸಬೇಡಿ.

ಕೆಲಸದ ಮುಕ್ಕಾಲು ಪಾಲು ಬೆಲ್ಟ್ ಇರುವ ಜಾಗಕ್ಕೆ ತಲುಪುವುದೇ. ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೂಲೆಂಟ್ ಇಳಿಸಿ. ಕೂಲೆಂಟ್ ರುಚಿ ಸಿಹಿ, ನಾಯಿಗಳು ನೆಕ್ಕಿ ಸಾಯುತ್ತವೆ, ಅದಕ್ಕೇ ಪಾತ್ರೆ ತೆರೆದಿಟ್ಟು ಒಳಗೆ ಹೋಗಬೇಡಿ. ಫ್ಯಾನ್‌ನ ನಾಲ್ಕು ನಟ್‌ಗಳನ್ನು ಹೊರಗಿನ ಬೆಲ್ಟ್‌ಗಳು ಇರುವಾಗಲೇ ಲೂಸ್ ಮಾಡಿಕೊಳ್ಳಿ. ಬೆಲ್ಟ್ ತೆಗೆದ ಮೇಲೆ ಪುಲ್ಲಿ ಸುಮ್ನೆ ಸುತ್ತುತ್ತೆ, ನಟ್ ಬರಲ್ಲ. ಆಮೇಲೆ ಮೂರು ಬೆಲ್ಟ್, ಫ್ಯಾನ್, ಅದರ ಸುತ್ತಲಿನ ಪ್ಲಾಸ್ಟಿಕ್ ಎಲ್ಲ ಹೊರಗೆ. ಪವರ್ ಸ್ಟೀರಿಂಗ್ ಪಂಪ್ ಮತ್ತು ಎಸಿ ಕಂಪ್ರೆಸರ್ ಬಿಚ್ಚಿ ಪಕ್ಕಕ್ಕೆ ಸರಿಸಿ ಕಟ್ಟಿಡಿ, ಆದರೆ ಅವುಗಳ ಪೈಪ್ ಮುಟ್ಟಬೇಡಿ. ಎಸಿ ಗ್ಯಾಸ್ ಹೋದರೆ ಟೆಕ್ಸಸ್ ಬೇಸಿಗೆಯಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು.

ಇನ್ನು ನಿಜವಾದ ಕುಸ್ತಿ: ಕ್ರ್ಯಾಂಕ್ ಪುಲ್ಲಿಯ ಬೋಲ್ಟ್. ಕಾರ್ಖಾನೆಯಲ್ಲೇ ಅದನ್ನು 217 ಫುಟ್-ಪೌಂಡ್, ಅಂದರೆ 295 ನ್ಯೂಟನ್ ಮೀಟರ್ ಬಿಗಿದಿರುತ್ತಾರೆ. ಇಪ್ಪತ್ತು ವರ್ಷದ ತುಕ್ಕು ಬೇರೆ. ಬೋಲ್ಟಿಗೆ ಹಾಕಿದ ಬ್ರೇಕರ್ ಬಾರನ್ನು (ಉದ್ದ ಹಿಡಿಯ ಸ್ಪ್ಯಾನರ್) ಚಾಸಿಗೆ ಆನಿಸಿ ಸ್ಟಾರ್ಟರ್ ಒಂದು ಕ್ಷಣ ತಿರುಗಿಸುವ ವಿಡಿಯೊಗಳನ್ನು ನೀವು ನೋಡಿರುತ್ತೀರಿ. ಬೋಲ್ಟ್ ಬಿಡುತ್ತೆ ನಿಜ. ಬಾರ್ ಜಾರಿದರೆ ರೇಡಿಯೇಟರೋ ಕೈಯೋ ಹೋಗುತ್ತೆ, ಅದೂ ನಿಜ. ನನಗೆ ಅದು ಇಷ್ಟವಿಲ್ಲ. ಪುಲ್ಲಿಯ ಮುಖದಲ್ಲಿ ಥ್ರೆಡ್ ಇರುವ ಎರಡು ತೂತುಗಳಿವೆ. ಅಲ್ಲಿಗೆ ಹೋಲ್ಡರ್ ಬಿಗಿದು ಹಿಡಿದುಕೊಳ್ಳುವುದೇ ಸರಿ. ಆಟೊಝೋನ್‌ನಂಥ ಅಂಗಡಿಗಳು ಡೆಪಾಸಿಟ್ ಇಟ್ಟುಕೊಂಡು ಇಂಥ ಟೂಲ್‌ಗಳನ್ನು ಎರವಲು ಕೊಡುತ್ತವೆ. ಮ್ಯಾನ್ಯುಯಲ್ ಗೇರ್ ಗಾಡಿಯಾದರೆ ಐದನೇ ಗೇರ್ ಹಾಕಿ, ಮನೆಯವರೊಬ್ಬರನ್ನು ಕೂರಿಸಿ ಬ್ರೇಕ್ ಜೋರಾಗಿ ಒತ್ತಿಸಿ. ಎಷ್ಟೋ ಸಲ ಅಷ್ಟರಲ್ಲೇ ಬಿಡುತ್ತೆ. ವಾಪಸ್ ಹಾಕುವಾಗ ಅದೇ 217ಕ್ಕೆ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿಯಬೇಕು. ಅಂದಾಜು ಬೇಡ. ಲೂಸ್ ಆದರೆ ಪುಲ್ಲಿ ಆಡಿ ಆಡಿ ಕ್ರ್ಯಾಂಕಿನಲ್ಲಿ ಕೀ (ಪುಲ್ಲಿ ಜಾರದಂತೆ ಹಿಡಿಯುವ ಲೋಹದ ತುಂಡು) ಕೂರುವ ಜಾಗವನ್ನೇ ತಿಂದುಹಾಕುತ್ತೆ.

ಬೋಲ್ಟ್ ಲೂಸ್ ಆದ ಮೇಲೆ, ಪುಲ್ಲಿ ತೆಗೆಯುವ ಮುಂಚೆ, ಎಂಜಿನ್ ತಿರುಗಿಸಿ ಪುಲ್ಲಿಯ ಗೀಟನ್ನು ಕವರ್ ಮೇಲಿನ ಸೊನ್ನೆಗೆ ತನ್ನಿ. ಮೇಲಿನ ಕವರ್ ತೆಗೆದಾಗ ಎರಡೂ ಕ್ಯಾಮ್ ಪುಲ್ಲಿಗಳ ಗುರುತು ಹಿಂದಿನ ಕವರ್‌ನ ಗುರುತಿಗೆ ನೇರವಾಗಿರಬೇಕು. ಇಲ್ಲ ಅಂದರೆ ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಈ ಹಂತದಲ್ಲಿ ಮೊಬೈಲಲ್ಲಿ ಫೋಟೊ ತಗೊಳ್ಳಿ, ಜಾಸ್ತಿನೇ ತಗೊಳ್ಳಿ. ಕೆಳಗಿನ ಕವರ್ ಬಿಚ್ಚಿದ ಮೇಲೆ ಕ್ರ್ಯಾಂಕಿಗೆ ಬೇರೆ ಗುರುತು ನೋಡಬೇಕು: ಬೆಲ್ಟ್ ಕೂರುವ ಹಲ್ಲಿನ ಪುಲ್ಲಿಯ ಗುರುತು, ಆಯಿಲ್ ಪಂಪ್ ಮೈಮೇಲಿನ ಗುರುತಿಗೆ. ಬೆಲ್ಟ್ ತೆಗೆದ ತಕ್ಷಣ ಒಂದು ಕ್ಯಾಮ್ ಸ್ಪ್ರಿಂಗ್ ಒತ್ತಡಕ್ಕೆ ಟಕ್ ಅಂತ ಜಾರಬಹುದು. ಗಾಬರಿ ಬೇಡ. ಸ್ಪ್ಯಾನರ್ ಹಾಕಿ ಮೆಲ್ಲಗೆ ಗುರುತಿಗೆ ತನ್ನಿ.

ಹೊಸ ಬೆಲ್ಟ್ ಮೇಲೆ ಬಾಣ ಮತ್ತು ಮೂರು ಗೆರೆ ಇರುತ್ತವೆ, ಎರಡು ಕ್ಯಾಮ್‌ಗೆ, ಒಂದು ಕ್ರ್ಯಾಂಕಿಗೆ. ಮೂರನ್ನೂ ಕೂರಿಸಿ, ಸಡಿಲವೆಲ್ಲ ಟೆನ್ಷನರ್ ಕಡೆಗೇ ಬರುವಂತೆ ನೋಡಿಕೊಳ್ಳಿ. ಹೊಸ ಟೆನ್ಷನರ್, ಅದರ ದಂಡವನ್ನು ಒಳಗೆ ಒತ್ತಿ ಹಿಡಿದಿಡುವ ಪಿನ್ ಹಾಕಿಕೊಂಡೇ ಬರುತ್ತೆ. ಹಳೆಯದನ್ನೇ ಹಾಕುವುದಾದರೆ ಎಣ್ಣೆ ಸೋರಿಲ್ಲ ಅಂತ ನೋಡಿ, ವೈಸ್‌ನಲ್ಲಿಟ್ಟು ತೀರಾ ನಿಧಾನ ಒತ್ತಿ, ತೂತು ಸರಿಬಂದಾಗ 1.27 ಮಿ.ಮೀ. ಅಲೆನ್ ಕೀ ತೂರಿಸಿ. ಅವಸರದಲ್ಲಿ ಒತ್ತಿದರೆ ಒಳಗಿನ ಸೀಲ್ ಹೋಗುತ್ತೆ. ಕೂರಿಸಿ ಬಿಗಿದ ಮೇಲೆ ಪಿನ್ ಎಳೆಯಿರಿ.

ಈಗ ಕ್ರ್ಯಾಂಕನ್ನು ಕೈಯಲ್ಲೇ, ಗಡಿಯಾರದ ದಿಕ್ಕಿನಲ್ಲಿ, ಎರಡು ಪೂರ್ತಿ ಸುತ್ತು ತಿರುಗಿಸಿ. ಬೆಲ್ಟ್ ಮೇಲಿನ ಗೆರೆಗಳು ಈಗ ಎಲ್ಲೋ ಹೋಗಿರುತ್ತವೆ. ಮೊದಲ ಸಲ ಮಾಡುವವರು ಇಲ್ಲೇ ಬೆವರೋದು! ಆ ಗೆರೆಗಳ ಕೆಲಸ ಮುಗಿಯಿತು. ಪುಲ್ಲಿಗಳ ಗುರುತು ಮೂರೂ ಸರಿಯಾಗಿದ್ದರೆ ಸಾಕು. ಗುರುತಿನ ಎದುರಿಗೇ ಕಣ್ಣಿಟ್ಟು ನೋಡಿ, ಓರೆಯಿಂದ ನೋಡಿದರೆ ಒಂದು ಹಲ್ಲು ಆಚೀಚೆ ಇದ್ದಂತೆ ಕಾಣುತ್ತೆ. ನಿಜವಾಗಿಯೂ ಒಂದು ಹಲ್ಲು ತಪ್ಪಿದ್ದರೆ ಐಡ್ಲಿಂಗ್ ಒರಟಾಗುತ್ತೆ, ಗಾಡಿಗೆ ಎಳೆತ ಇರಲ್ಲ. ಎಲ್ಲ ಮುಚ್ಚಿದ ಮೇಲೆ ಗೊತ್ತಾದರೆ ಇನ್ನೊಂದು ದಿನ ಹೋಯಿತು.

ಕೂಲೆಂಟ್ ತುಂಬಿ, ಹೀಟರ್ ಪೂರ್ತಿ ಬಿಸಿಗಿಟ್ಟು ಸ್ಟಾರ್ಟ್ ಮಾಡಿ. ಗಾಳಿ ಹೋದ ಹಾಗೆ ಮಟ್ಟ ಇಳಿಯುತ್ತೆ, ತುಂಬುತ್ತಿರಿ. ಶನಿವಾರ ಬೆಳಗ್ಗೆ ಶುರು ಮಾಡಿ, ಮನೆಯಲ್ಲಿ ಇನ್ನೊಂದು ಗಾಡಿ ಇರಲಿ. ಏನೋ ಒಂದು ತರೋಕೆ ಅಂಗಡಿಗೆ ಹೋಗಲೇಬೇಕಾಗುತ್ತೆ.

ಪ್ರಶ್ನೆ: ಹಾಸನದಲ್ಲಿ ನಮ್ಮದೊಂದು ಹಳೇ ಡೀಸೆಲ್ ಪಿಕಪ್ ಇದೆ. ಟೈಮಿಂಗ್ ಬೆಲ್ಟ್ ಬದಲಿಸಿ ಅಂತ ಮೆಕ್ಯಾನಿಕ್ ಹೇಳ್ತಾರೆ. ಡ್ರೈವರ್ ಇದರಲ್ಲಿ ಚೈನ್ ಇರೋದು ಅಂತಾನೆ. ಯಾರ ಮಾತು ನಂಬಲಿ?

ಉತ್ತರ: ಎಂಜಿನ್ ಮುಂಭಾಗ ನೋಡಿ. ಹೊರಗೆ ಕಾಣುವುದು ಫ್ಯಾನ್ ಬೆಲ್ಟ್, ಅದು ಬೇರೆ. ಅದರ ಹಿಂದೆ ತೆಳು ಪ್ಲಾಸ್ಟಿಕ್ ಕವರ್ ಇದ್ದರೆ ಸಾಮಾನ್ಯವಾಗಿ ಒಳಗೆ ಬೆಲ್ಟ್. ಸೀಲ್ ಮಾಡಿದ ಲೋಹದ ಕವರ್ ಇದ್ದರೆ ಚೈನ್ ಅಥವಾ ಗೇರ್, ಯಾಕಂದರೆ ಅವಕ್ಕೆ ಎಣ್ಣೆ ಬೇಕು. ಓನರ್ ಮ್ಯಾನ್ಯುಯಲ್‌ನ ಸರ್ವಿಸ್ ಪಟ್ಟಿಯಲ್ಲಿ ಬೆಲ್ಟ್ ಬದಲಿಸುವ ಕಿ.ಮೀ. ಇದ್ದರೆ ಮಾತು ಮುಗಿಯಿತು. ಬೆಲ್ಟ್ ಇದೆ ಅಂತಾದರೆ ಮುಂದೂಡಬೇಡಿ, ಮನೆಯಲ್ಲೂ ಕೈ ಹಾಕಬೇಡಿ. ಡೀಸೆಲ್ ಎಂಜಿನ್‌ನಲ್ಲಿ ವಾಲ್ವ್‌ಗೂ ಪಿಸ್ಟನ್‌ಗೂ ನಡುವೆ ಜಾಗ ತೀರಾ ಕಡಿಮೆ. ಬೆಲ್ಟ್ ಹೋದರೆ ಸಾಮಾನ್ಯವಾಗಿ ಎಂಜಿನ್ ಹೆಡ್ (ವಾಲ್ವ್‌ಗಳಿರುವ ಮೇಲ್ಭಾಗ) ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತೆ. ಎಷ್ಟೋ ಎಂಜಿನ್‌ಗಳಲ್ಲಿ ಡೀಸೆಲ್ ಪಂಪಿನ ಟೈಮಿಂಗ್ ಕೂಡ ಅದೇ ಬೆಲ್ಟ್ ಮೇಲಿರುತ್ತೆ. ಆ ಎಂಜಿನ್ ಬಿಚ್ಚಿ ಅಭ್ಯಾಸ ಇರುವ ಮೆಕ್ಯಾನಿಕ್‌ಗೇ ಕೊಡಿ, ಹಳೇ ಬೆಲ್ಟನ್ನು ಕೇಳಿ ಇಸ್ಕೊಳ್ಳಿ, ಬದಲಿಸಿದ ದಿನ ಮತ್ತು ಕಿ.ಮೀ.ಯನ್ನು ಕವರ್ ಮೇಲೆ ಮಾರ್ಕರ್‌ನಲ್ಲಿ ಬರೆಸಿ.