ಕಡಕ್ ಚಹಾ, ಕಡಕ್ ರೊಟ್ಟಿ, ಕೋಪಿಯಸ್ ಕ್ರೌಡ್

ಪ್ರಶ್ನೆ: ಮೇಡಂ, ನಾನು ಡಿಗ್ರಿವರೆಗೂ ಕನ್ನಡ ಮಾಧ್ಯಮದಲ್ಲೇ ಓದಿದವಳು. ಈಗ ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ದಿನಕ್ಕೆ 30 ಕಷ್ಟದ ಇಂಗ್ಲಿಷ್ ಪದ ಬಾಯಿಪಾಠ ಮಾಡಿ ಎರಡು ವಹಿ ತುಂಬಿಸಿದ್ದೇನೆ. ವಾರ ಕಳೆದರೆ ಅರ್ಧ ನೆನಪಿರುವುದಿಲ್ಲ. ಮೊನ್ನೆ ಮಾಕ್ ಇಂಟರ್‌ವ್ಯೂನಲ್ಲಿ ನಮ್ಮೂರ ಜಾತ್ರೆ ಬಗ್ಗೆ ಹೇಳುವಾಗ ‘ಕೋಪಿಯಸ್ ಕ್ರೌಡ್’ ಅಂದೆ. ಸರ್ ನಕ್ಕುಬಿಟ್ಟರು. ಕೋಪಿಯಸ್ ಅಂದರೆ ಹೇರಳ ಅಂತ ತಾನೇ ಅರ್ಥ? ತಪ್ಪಾಗಿದ್ದು ಎಲ್ಲಿ?
- ಓದುಗಿ, ಸುರಪುರ

ಉತ್ತರ: ತಂಗಿ, ನೀನು ಬರೆದುಕೊಂಡ ಅರ್ಥ ಸರಿಯಾಗಿಯೇ ಇದೆ. ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಇದೇ ಊರಲ್ಲಿ 31 ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ. ಇಂಥ ಒಂದು ನಗುವಿಗೆ ಹೆದರಿ, ಮೂರು ವರ್ಷ ಕ್ಲಾಸಿನಲ್ಲಿ ಬಾಯಿ ಬಿಡದೆ ಕೂತ ಮಕ್ಕಳನ್ನು ನೋಡಿದ್ದೇನೆ. ಈಗಲೂ ನೆನಪಾದರೆ ಸಂಕಟವಾಗುತ್ತದೆ. ನೀನು ಹಾಗೆ ಸುಮ್ಮನಾಗಬೇಡ.

ನಾವು ಕಡಕ್ ಚಹಾ ಅಂತೀವಿ. ಕಡಕ್ ರೊಟ್ಟಿ ಅಂತೀವಿ. ಸಾಹೇಬರು ಭಾಳ ಕಡಕ್ ಇದ್ದಾರೆ ಅಂತೀವಿ. ಆದರೆ ‘ಕಡಕ್ ಮಳೆ’ ಬಂತು ಅಂತ ಯಾರಾದರೂ ಹೇಳಿದ್ದು ಕೇಳಿದ್ದೀಯಾ? ಮಳೆ ಜೋರು. ಇದನ್ನು ನಿನಗೆ ಯಾರೂ ಪಾಠ ಮಾಡಿಲ್ಲ. ಯಾವ ಮಾತು ಯಾವುದರ ಪಕ್ಕ ಕೂರುತ್ತದೆ ಅಂತ ಕೇಳಿ ಕೇಳಿ ಕಿವಿಗೆ ಗೊತ್ತಾಗಿದೆ. ಇಂಗ್ಲಿಷಿನಲ್ಲೂ ಹಾಗೇ. ಚಹಾ ಸ್ಟ್ರಾಂಗ್, ರೊಟ್ಟಿ ಕ್ರಿಸ್ಪ್, ಸಾಹೇಬರು ಸ್ಟ್ರಿಕ್ಟ್, ಮಳೆ ಹೆವಿ. ನಮ್ಮ ಒಂದೇ ಕಡಕ್‌ಗೆ ಅಲ್ಲಿ ಮೂರು ಪದ ಬೇಕಾಯಿತು, ಅಲ್ವಾ?

ಕೋಪಿಯಸ್ ಕೂರುವುದು ನೋಟ್ಸ್ ಪಕ್ಕ. ಕ್ರೌಡ್ ಪಕ್ಕ ಅದಕ್ಕೆ ಜಾಗವಿಲ್ಲ. ಜಾತ್ರೆಯ ಜನಕ್ಕೆ ‘ಹ್ಯೂಜ್ ಕ್ರೌಡ್’ ಅಂದರೆ ಸಾಕು. ಸಣ್ಣ ಪದ ಅಂತ ಅಸಡ್ಡೆ ಬೇಡ. ಇನ್ನು ಮುಂದೆ ವಹಿಯಲ್ಲಿ ಪದ, ಅದರ ಎದುರು ಅರ್ಥ, ಇಷ್ಟೇ ಬರೆಯಬೇಡ. ಆ ಪದ ಯಾವ ಯಾವ ಪದಗಳ ಜೊತೆ ಬಂತು ಅನ್ನುವುದನ್ನೂ ಬರಿ. ಓದಿದ ವಾಕ್ಯವನ್ನು ಪೂರ್ತಿ ಬರೆದುಕೊಂಡರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಯಾವ ಪದ ಎಲ್ಲಿ ಕೂರುತ್ತದೆ ಅಂತ ಗುರುತಿಸುವುದರಲ್ಲಿ, ಹಲವು ಭಾಷೆ ಬೆರೆಸಿ ಮಾತಾಡುವ ನಮ್ಮ ಭಾಗದವರಿಗೆ ಅನುಕೂಲವೇ ಇದೆ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. 1347ರಲ್ಲಿ ಬಹಮನಿ ಸುಲ್ತಾನರು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ದರ್ಬಾರಿನಲ್ಲಿ ಫಾರ್ಸಿ ನಡೆಯುತ್ತಿತ್ತು. ಆಮೇಲೆ ನಿಜಾಮರ ಕಾಲ. 1948ರವರೆಗೂ ಕಚೇರಿಯಲ್ಲಿ ಉರ್ದು. ನಮ್ಮ ಅಪ್ಪ ಶಾಲೆ ಕಲಿತದ್ದೇ ಉರ್ದುವಿನಲ್ಲಿ. ಅದಕ್ಕೇ ಅರ್ಜಿ, ವಕೀಲ, ಜಾಮೀನು, ತಾಲೂಕು ಎಲ್ಲ ಆ ಕಡೆಯಿಂದ ಬಂದವು. ನೀರು, ಮನೆ, ಹಾಲು ಮಾತ್ರ ಕನ್ನಡದವೇ ಉಳಿದವು. ಕಾರ್ಡ್ ಅಚ್ಚು ಹಾಕಿಸುವಾಗ ಸಂಸ್ಕೃತದ ‘ಗೃಹಪ್ರವೇಶ’ ಅಂತೀವಿ. ಫೋನಿನಲ್ಲಿ ‘ಗೃಹದಲ್ಲಿದ್ದೇನೆ’ ಅಂತ ಹೇಳುತ್ತೀವಾ?

ಇಂಗ್ಲೆಂಡಿನಲ್ಲೂ ಇದೇ ಆಯಿತು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಗೆದ್ದರು, ಆಳುವವರ ಮಾತು ಫ್ರೆಂಚ್ ಆಯಿತು. ಜಡ್ಜ್, ಜ್ಯೂರಿ, ಪ್ರಿಸನ್, ಟ್ಯಾಕ್ಸ್ ಆ ದಾರಿಯಲ್ಲಿ ಬಂದವು. ಹೌಸ್, ವಾಟರ್, ಮಿಲ್ಕ್ ಹಳೇ ಇಂಗ್ಲಿಷಿನವೇ ಉಳಿದವು. ಅದರ ಮೇಲೆ ಲ್ಯಾಟಿನ್ನಿನ ಇನ್ನೊಂದು ಪದರ ಕೂತಿತು. ಹಾಗಾಗಿ ‘ಊಟ ಆಯ್ತಾ’ ಅಂತ ಅವ್ವ ಆಸ್ಕ್ ಮಾಡುತ್ತಾಳೆ. ಮಂತ್ರಿಯನ್ನು ಪತ್ರಕರ್ತರು ಕ್ವೆಶ್ಚನ್ ಮಾಡುತ್ತಾರೆ. ಇಂಟರಾಗೇಟ್ ಮಾಡುವುದು ಪೊಲೀಸರು. ಮೂರೂ ‘ಕೇಳು’ವುದೇ. ಬರೀ ಅರ್ಥ ಬರೆದುಕೊಂಡರೆ ಈ ವ್ಯತ್ಯಾಸ ಕೈಗೆ ಸಿಗುವುದಿಲ್ಲ.

ನಿಮ್ಮೂರ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇದೆಯಲ್ಲ, ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ದಾರಿಹೋಕರನ್ನು ಕೊಂದು ದೋಚುತ್ತಿದ್ದ ಠಕ್ಕರ ಬಗ್ಗೆ ಇಂಗ್ಲಿಷಿನಲ್ಲಿ ಕಾದಂಬರಿ ಬರೆದಿದ್ದರು. ‘ಥಗ್’ ಅನ್ನುವ ಪದ ಇಂಗ್ಲೆಂಡಿನ ಓದುಗರಿಗೆ ಪರಿಚಯವಾಗಲು ಆ ಪುಸ್ತಕ ದೊಡ್ಡ ಕಾರಣ. ಈಗ ನೋಡು, ನಮ್ಮ ಠಕ್ಕ ಮೋಸಗಾರ. ಅವರ ಥಗ್ ಹೊಡೆದಾಡುವ ಗೂಂಡಾ. ಮೂಲ ಒಂದೇ ಇದ್ದರೂ ಸ್ವಭಾವ ಬೇರೆಯಾಗಿದೆ. ಗೊತ್ತಿರುವ ಪದ ಅನ್ನಿಸಿದರೂ ಡಿಕ್ಷನರಿ ತೆರೆದು ನೋಡು ಅಂತ ನಾನು ಹೇಳುವುದು ಇದಕ್ಕೇ.

ಇನ್ನು ಮರೆವು. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ತಮ್ಮ ನೆನಪನ್ನೇ ಪರೀಕ್ಷೆ ಮಾಡಿಕೊಂಡು 1885ರಲ್ಲಿ ಬರೆದರು: ಕಲಿತದ್ದು ಶುರುವಿನಲ್ಲೇ ಜಾಸ್ತಿ ಜಾರಿಹೋಗುತ್ತದೆ, ಬಿಟ್ಟು ಬಿಟ್ಟು ಓದಿದರೆ ನಿಲ್ಲುತ್ತದೆ. 30 ಬಿಡು, ದಿನಕ್ಕೆ 8 ಪದ ಸಾಕು. ಮಾರನೆಯ ದಿನ, ಮೂರು ದಿನಕ್ಕೆ, ವಾರಕ್ಕೆ, ತಿಂಗಳಿಗೆ ಮತ್ತೆ ನೋಡು. ಸುಮ್ನೆ ಕಣ್ಣಾಡಿಸಬೇಡ. ಅರ್ಥವನ್ನು ಅಂಗೈಯಿಂದ ಮುಚ್ಚಿಕೊಂಡು ಬಾಯಲ್ಲಿ ಹೇಳು, ಆಮೇಲೆ ಕೈ ತೆಗಿ.

ಯಾವ ಪದದಿಂದ ಶುರು ಮಾಡಲಿ ಅಂತ ಕೇಳಿದರೆ, ನ್ಯೂಜಿಲೆಂಡಿನ ಭಾಷಾತಜ್ಞೆ ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್ ತೆಗೆದುಕೋ. ಅದರಲ್ಲಿರುವುದು 570 ಪದಕುಟುಂಬಗಳು, ಅಂದರೆ ಒಂದೇ ಮೂಲದ ಪದಗಳ ಗುಂಪುಗಳು. ಅನಲೈಸ್, ಎವಿಡೆಂಟ್, ಸಿಗ್ನಿಫಿಕಂಟ್ ಇಂಥವು. ಓದುವ ಲೇಖನದಲ್ಲಿ ಪದೇ ಪದೇ ಎದುರಾಗುವ ಪದಗಳಿವು. ಕೋಪಿಯಸ್ ಸ್ವಲ್ಪ ದಿನ ಕಾಯಲಿ.

ಪ್ರಶ್ನೆ: ಮಗಳು ಪಿಯುಸಿ ಓದುತ್ತಿದ್ದಾಳೆ. ದಪ್ಪನೆಯ ಇಂಗ್ಲಿಷ್ ಡಿಕ್ಷನರಿ ಕೊಡಿಸಬೇಕೋ, ಇಂಗ್ಲಿಷ್-ಕನ್ನಡ ಸಾಕೋ?
- ತಂದೆ, ಹುಮನಾಬಾದ್

ಉತ್ತರ: ಇಂಗ್ಲಿಷ್-ಕನ್ನಡ ನಿಘಂಟು ಇರಲಿ, ಅರ್ಥ ತಟ್ಟನೆ ಹೊಳೆಯುತ್ತದೆ. ಅದರ ಜೊತೆ ಅಂಗಡಿಯಲ್ಲಿ ‘ಲರ್ನರ್ಸ್ ಡಿಕ್ಷನರಿ’ ಅಂತಲೇ ಕೇಳಿ. ಜಪಾನಿನಲ್ಲಿ ಪಾಠ ಮಾಡುತ್ತಿದ್ದ ಹಾರ್ನ್‌ಬಿ ಎಂಬ ಮೇಷ್ಟ್ರು ಇಂಥದ್ದನ್ನು ಮಾಡಿ 1942ರಲ್ಲಿ ಟೋಕಿಯೊದಲ್ಲಿ ಅಚ್ಚು ಹಾಕಿಸಿದರು. ಹೊರಗಿನವರಿಗೆ ಇಂಗ್ಲಿಷ್ ಎಲ್ಲಿ ತೊಡಕಾಗುತ್ತದೆ ಅಂತ ಅವರು ಕ್ಲಾಸಿನಲ್ಲೇ ಕಂಡಿದ್ದರು. ಇವುಗಳಲ್ಲಿ ಸುಲಭ ಪದಗಳಲ್ಲಿ ಅರ್ಥ ಇರುತ್ತದೆ, ಕೆಳಗೆ ಉದಾಹರಣೆ ವಾಕ್ಯ ಇರುತ್ತದೆ. ಆ ವಾಕ್ಯವನ್ನು ಮಗಳು ದಿನಾ ರಾತ್ರಿ ಒಂದು ಸಲ ಜೋರಾಗಿ ಓದಲಿ. ನೀವೂ ಪಕ್ಕದಲ್ಲಿ ಕೂತು ಕೇಳಿ.