ಡಬ್ಬದ ಹಿಂಬದಿ: ಹೆಸರು ಅದೇ, ರುಚಿ ಯಾಕೆ ಬೇರೆ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವು ಲಂಡನ್ ಹತ್ತಿರದ ರೆಡಿಂಗ್‌ನಲ್ಲಿ ತುಂಬಾ ವರ್ಷ ಇದ್ದು, ಈಗ ಮಂಗಳೂರಿಗೆ ವಾಪಸ್ ಬಂದಿದ್ದೇವೆ. ಮಕ್ಕಳು ಇಲ್ಲಿನ ಡೈರಿ ಮಿಲ್ಕ್ ಬಾಯಿಗೆ ಹಾಕಿದ ಕೂಡಲೇ 'ಇದು ಅದಲ್ಲ' ಅನ್ನುತ್ತಾರೆ. ನನಗೂ ಸೋಪು, ಟೂತ್‌ಪೇಸ್ಟ್ ಎಲ್ಲ ಬೇರೆ ಅನ್ನಿಸುತ್ತದೆ. 'ಹೆಸರು ಅದೇ, ಬಣ್ಣ ಅದೇ, ನಿಮಗೆ ಸುಮ್ನೆ ಹಾಗೆ ಕಾಣುವುದು' ಅಂತ ಅತ್ತೆ ಹೇಳುತ್ತಾರೆ. 'ಕಂಪನಿಯವರು ನಮಗೆ ಎರಡನೇ ದರ್ಜೆ ಮಾಲು ಕೊಡುವುದು' ಅಂತ ನನ್ನ ಗಂಡ. ಯಾರು ಹೇಳುವುದು ಸರಿ? ಅಲ್ಲಿಂದ ಬರುವವರ ಹತ್ತಿರ ತರಿಸಿಕೊಳ್ಳುವುದೇ ಒಳ್ಳೆಯದಾ?
– ಓದುಗರು, ಕದ್ರಿ

ಉತ್ತರ: ಮೊದಲು ಮಕ್ಕಳ ಮಾತು. ಅವರ ನಾಲಿಗೆ ಸರಿಯಾಗಿಯೇ ಇದೆ. ಅಲ್ಲಿ ತಿಂದದ್ದೂ ಇಲ್ಲಿ ತಿಂದದ್ದೂ ಒಂದೇ ವಸ್ತು ಅಲ್ಲ.

ಇಂಗ್ಲೆಂಡಿನಲ್ಲಿ ಮಾಡಿ ನಮಗೆ ಹಡಗಿನಲ್ಲಿ ಕಳಿಸುತ್ತಾರೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕ್ಯಾಡ್‌ಬರಿ ಭಾರತಕ್ಕೆ ಬಂದದ್ದು 1948ರಲ್ಲಿ. ನಮ್ಮ ಅಂಗಡಿಯಲ್ಲಿ ಸಿಗುವ ಡೈರಿ ಮಿಲ್ಕ್ ಇಲ್ಲಿಯೇ, ಇಲ್ಲಿನ ಕಾನೂನಿಗೆ ಮತ್ತು ಇಲ್ಲಿನ ಬೆಲೆಗೆ ಹೊಂದುವ ಹಾಗೆ ತಯಾರಾಗುತ್ತದೆ. ಅಮೆರಿಕದಲ್ಲಿ ಕ್ಯಾಡ್‌ಬರಿ ಹೆಸರಿನ ಚಾಕೊಲೇಟ್ ಮಾಡುವುದು ಹರ್ಷೀಸ್ ಕಂಪನಿ. ಕಿಟ್‌ಕ್ಯಾಟ್ ಕೂಡ ಹಾಗೆ: ಹೆಚ್ಚಿನ ದೇಶಗಳಲ್ಲಿ ನೆಸ್ಲೆಯದ್ದು, ಅಮೆರಿಕದಲ್ಲಿ ಹರ್ಷೀಸ್‌ನದ್ದು. ಒಂದು ಬ್ರ್ಯಾಂಡ್ ಅಂದರೆ ಒಂದು ಕಾರ್ಖಾನೆ, ಒಂದು ಪಾಕ ಅಂತ ಅಲ್ಲ.

ನಿಮ್ಮ ಹತ್ತಿರ ಅಲ್ಲಿನ ಹಳೇ ಪೊಟ್ಟಣ ಇದ್ದರೆ ಎರಡನ್ನೂ ಮಗುಚಿ ಅಕ್ಕಪಕ್ಕ ಇಡಿ. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು. ಇದು ಅಲ್ಲಿಯೂ ಇಲ್ಲಿಯೂ ನಿಯಮ. ಬ್ರಿಟನ್ನಿನ ಪಟ್ಟಿ ಹಾಲಿನಿಂದ ಶುರುವಾಗುತ್ತದೆ. ನಮ್ಮದು ಸಕ್ಕರೆಯಿಂದ. ಮಕ್ಕಳಿಗೆ ಗೊತ್ತಾದ ವ್ಯತ್ಯಾಸ ಅಲ್ಲಿಯೇ ಶುರುವಾಗುತ್ತದೆ. ಬ್ರಿಟನ್ನಿನವರು ಹಾಲನ್ನು ಸಕ್ಕರೆ ಮತ್ತು ಕೋಕೋ ಜೊತೆ ಕುದಿಸಿ, ಒಣಗಿಸಿ, ಪುಡಿ ಮಾಡಿ ಬಳಸುತ್ತಾರೆ. ಆ ಸ್ವಲ್ಪ ಕಾಯಿಸಿದ ಹಾಲಿನ ಪರಿಮಳ ಬರುವುದು ಅದರಿಂದ. ಅದಕ್ಕೆ ಒಗ್ಗಿದ ನಾಲಿಗೆಗೆ ಬೇರೆ ಯಾವುದೂ ಹಿಡಿಸುವುದಿಲ್ಲ.

ಹಾಗಂತ ಅಲ್ಲಿನದ್ದು ಶುದ್ಧ, ಇಲ್ಲಿನದ್ದು ಕಲಬೆರಕೆ ಅಂತ ತೀರ್ಮಾನ ಮಾಡಬೇಡಿ. ಅದೇ ಬ್ರಿಟಿಷ್ ಪಟ್ಟಿಯನ್ನು ಮುಂದೆ ಓದಿ. ತಾಳೆ ಎಣ್ಣೆ ಮತ್ತು ಶಿಯಾ ಎಂಬ ಆಫ್ರಿಕಾದ ಮರದ ಬೀಜದ ಕೊಬ್ಬು ಇದೆ. ಯುರೋಪಿನಲ್ಲಿ ಈ ತರಹದ, ಕೋಕೋದ್ದಲ್ಲದ ಬೇರೆ ಕೊಬ್ಬನ್ನು ಚಾಕೊಲೇಟಿಗೆ ಶೇ. 5ರವರೆಗೆ ಸೇರಿಸಬಹುದು. ಇದರ ಮೇಲೆ ಅಲ್ಲಿನ ದೇಶಗಳೊಳಗೇ ವರ್ಷಗಟ್ಟಲೆ ಜಗಳ ನಡೆದಿದೆ. ಇಟಲಿ ಮತ್ತು ಸ್ಪೇನ್ ಇಂಥದ್ದನ್ನು ಚಾಕೊಲೇಟ್ ಅಂತ ಮಾರಲು ಬಿಡಲಿಲ್ಲ, 'ಬದಲಿ ಚಾಕೊಲೇಟ್' ಅಂತ ಬರೆಯಿರಿ ಎಂದವು. 2003ರಲ್ಲಿ ಯುರೋಪಿನ ನ್ಯಾಯಾಲಯ ಹಾಗೆ ತಡೆಯುವುದು ತಪ್ಪು ಅಂತ ಹೇಳಿದ ಮೇಲೆ ಆ ಜಗಳ ತಣ್ಣಗಾಯಿತು. ನಿಮ್ಮ ಮಕ್ಕಳು 'ಅಸಲಿ' ಅನ್ನುವ ಚಾಕೊಲೇಟನ್ನು ಇಟಲಿಯವರು ಅಸಲಿ ಅಂತ ಒಪ್ಪಲೇ ಇಲ್ಲ.

ಇನ್ನು ನಮ್ಮ ಊರಿನ ಸೆಕೆ. ಕೋಕೋ ಬೆಣ್ಣೆ, ಅಂದರೆ ಕೋಕೋ ಬೀಜದ ಕೊಬ್ಬು, 34 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ಏಪ್ರಿಲ್‌ನಲ್ಲಿ ಮಂಗಳೂರಿನ ಮಧ್ಯಾಹ್ನ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾ? ಚಾಕೊಲೇಟ್ ಲಾರಿಯಲ್ಲಿ ಸ್ವಲ್ಪ ಕರಗಿ, ಅಂಗಡಿಯ ಫ್ರಿಜ್ಜಿನಲ್ಲಿ ಗಟ್ಟಿಯಾಗಿ, ನಿಮ್ಮ ಸ್ಕೂಟರಿನ ಡಿಕ್ಕಿಯಲ್ಲಿ ಮತ್ತೆ ಮೆತ್ತಗಾಗಿ ಮನೆಗೆ ಬರುತ್ತದೆ. ಆಮೇಲೆ ಮೇಲ್ಮೈಯಲ್ಲಿ ಬೂದಿ ಬಣ್ಣದ ಪದರ ಕಾಣುತ್ತದೆ. ಬೂಸ್ಟು ಬಂತು ಅಂತ ಎಷ್ಟೋ ಜನ ಬಿಸಾಡುತ್ತಾರೆ. ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಿ. ನುಣ್ಣಗೆ ಕರಗಿ ಮಾಯವಾದರೆ ಅದು ಮೇಲೆ ಬಂದ ಕೋಕೋ ಬೆಣ್ಣೆ. ಬೆರಳಿಗೆ ತರಿತರಿ ಸಿಕ್ಕಿ, ಉಜ್ಜಿದರೂ ಹೋಗದಿದ್ದರೆ ಸಕ್ಕರೆ. ತಣ್ಣಗಿನ ಚಾಕೊಲೇಟ್ ನಮ್ಮ ಒದ್ದೆ ಗಾಳಿಗೆ ಬಂದಾಗ ಮೇಲೆ ನೀರು ಕೂರುತ್ತದೆ, ಸಕ್ಕರೆ ಆ ನೀರಿಗೆ ಕರಗಿ, ಒಣಗಿದಾಗ ಹರಳಾಗಿ ನಿಲ್ಲುತ್ತದೆ. ಎರಡರಿಂದಲೂ ಆರೋಗ್ಯಕ್ಕೆ ತೊಂದರೆ ಇಲ್ಲ, ರುಚಿ ಮಾತ್ರ ಹೋಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಹೊರಗೆ ತೆಗೆದ ಮೇಲೆ ಡಬ್ಬ ಬೆಚ್ಚಗಾಗುವವರೆಗೆ ಮುಚ್ಚಳ ತೆಗೆಯಬೇಡಿ. ಲಂಡನ್ನಿನಿಂದ ಸೂಟ್‌ಕೇಸಿನಲ್ಲಿ ಬಂದ ಚಾಕೊಲೇಟಿಗೂ ಇದೇ ಗತಿ ಆಗುತ್ತದೆ ಅನ್ನುವುದು ನೆನಪಿರಲಿ.

ಚಾಕೊಲೇಟಿನ ವಿಷಯದಲ್ಲಿ ನನ್ನದು ಇನ್ನೊಂದು ಮಾತು. ನಮ್ಮ ಜಿಲ್ಲೆಯ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತದೆ. 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅದು ಬೆಳೆಗಾರರದೇ ಸಹಕಾರ ಸಂಘ. ಮಕ್ಕಳನ್ನು ಯಾರಾದರೂ ನೆಂಟರ ತೋಟಕ್ಕೆ ಕರ್ಕೊಂಡು ಹೋಗಿ. ಹಣ್ಣಾದ ಕೋಕೋ ಒಡೆದು, ಬೀಜದ ಸುತ್ತ ಇರುವ ಬಿಳಿ ತಿರುಳನ್ನು ಚೀಪಲು ಕೊಡಿ. ಹುಳಿ ಸಿಹಿ ಇರುತ್ತದೆ, ಚಾಕೊಲೇಟಿನ ರುಚಿ ಒಂದು ಚೂರೂ ಇರುವುದಿಲ್ಲ. ಹುಳಿ ಬರಿಸಿ, ಒಣಗಿಸಿ, ಹುರಿದ ಮೇಲೆ ಬರುವ ರುಚಿ ಅದು. ಇದನ್ನು ಕಣ್ಣಾರೆ ನೋಡಿದ ಮಕ್ಕಳು ಇಲ್ಲಿನ ಚಾಕೊಲೇಟನ್ನು ಅಲ್ಲಿನದ್ದರ ನಕಲು ಅಂತ ನೋಡುವುದಿಲ್ಲ.

ಸೋಪಿನ ಮಾತಿಗೆ ಬರೋಣ. ಇಲ್ಲಿ ನಿಮ್ಮ ಅತ್ತೆಯ ಮಾತಿನಲ್ಲೂ ಸ್ವಲ್ಪ ಸತ್ಯ ಇದೆ. ಲಂಡನ್, ರೆಡಿಂಗ್ ಕಡೆಯ ನೀರು ಗಡಸು ನೀರು, ಸುಣ್ಣದ ಅಂಶ ಜಾಸ್ತಿ. ಅಲ್ಲಿ ಕೆಟಲಿನೊಳಗೆ ಬಿಳಿ ಪದರ ಕಟ್ಟುತ್ತಿದ್ದದ್ದು ನೆನಪಿದೆಯಾ? ನಮ್ಮ ಮುರಕಲ್ಲಿನ ಬಾವಿ ನೀರು ಮೆದು. ಅದೇ ಸೋಪು ಇಲ್ಲಿ ಬೇಗ ನೊರೆ ಬರುತ್ತದೆ, ಎಷ್ಟು ನೀರು ಹೊಯ್ದರೂ ಮೈ ಜಾರಿದ ಹಾಗೇ ಇರುತ್ತದೆ. ಸೋಪು ಬದಲಾಗದೆಯೂ ಬೇರೆ ಅನ್ನಿಸುತ್ತದೆ. ಆದರೂ ಹೊದಿಕೆ ನೋಡಿಯೇ ಕೊಳ್ಳಿ. ನಮ್ಮಲ್ಲಿ ಟಿಎಫ್‌ಎಂ ಅಂತ ಬರೆದಿರುತ್ತಾರೆ, ಸೋಪಿನಲ್ಲಿ ಕೊಬ್ಬಿನ ಅಂಶ ಎಷ್ಟು ಅಂತ. ಶೇ. 76 ಇದ್ದರೆ ಮೊದಲ ದರ್ಜೆ, 70 ಎರಡನೆಯದು, 60 ಮೂರನೆಯದು. 'ಬೇದಿಂಗ್ ಬಾರ್' ಅಂತ ಇದ್ದರೆ ಅದು ಈ ಲೆಕ್ಕದಲ್ಲೇ ಬರುವುದಿಲ್ಲ. ಜಾಹೀರಾತಿನ ಚೆಲುವೆಯನ್ನು ನೋಡುವ ಬದಲು ಈ ಒಂದು ಸಾಲು ನೋಡಿದರೆ ಸಾಕು.

ಟೂತ್‌ಪೇಸ್ಟಿನ ವ್ಯತ್ಯಾಸ ಕಾನೂನಿನಿಂದ ಬಂದದ್ದು. ನಮ್ಮಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ದಾಟಬಾರದು. ಬ್ರಿಟನ್ನಿನಲ್ಲಿ 1500ರವರೆಗೆ ಬಿಡುತ್ತಾರೆ. ದೊಡ್ಡವರ ಪೇಸ್ಟಿನಲ್ಲಿ 1450 ಸಾಮಾನ್ಯ. ಇದಕ್ಕಾಗಿ ಅಲ್ಲಿಂದ ಟ್ಯೂಬ್ ತರಿಸುವ ಅಗತ್ಯ ನನಗೆ ಕಾಣುವುದಿಲ್ಲ. ಮಕ್ಕಳ ಹಲ್ಲಿನಲ್ಲಿ ಹುಳುಕು ಇದ್ದರೆ ದಂತವೈದ್ಯರನ್ನು ಕೇಳಿ.

ಈಗ ನಿಮ್ಮ ಗಂಡನ ಮಾತು. ಹೆಚ್ಚಿನ ಸಲ ಅದು ಸರಿಯಲ್ಲ. ಕೆಲವು ಸಲ ಸರಿ, ಮತ್ತು ಸರಿ ಇರುವಲ್ಲಿ ನಾವು ಸುಮ್ಮನಿರಬಾರದು.

2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ ಮತ್ತು ಶಿಶು ಆಹಾರದ ಬಗ್ಗೆ ಕೆಲಸ ಮಾಡುವ ಐಬಿಎಫ್‌ಎಎನ್ ಜಾಲ ಸೇರಿ ಒಂದು ವರದಿ ತಂದವು. ಭಾರತದಲ್ಲಿ ಮಾರುವ, ನೆಸ್ಲೆ ಕಂಪನಿಯ ಶಿಶು ಆಹಾರ ಸೆರೆಲ್ಯಾಕ್‌ನಲ್ಲಿ ಒಂದು ಸಲ ತಿನ್ನಿಸುವಷ್ಟಕ್ಕೆ ಸರಾಸರಿ 3 ಗ್ರಾಂ ಹತ್ತಿರ ಸಕ್ಕರೆ ಸೇರಿಸಿದ್ದು ಕಂಡುಬಂತು. ಅದೇ ಕಂಪನಿ ಜರ್ಮನಿಯಲ್ಲಿ, ಬ್ರಿಟನ್ನಿನಲ್ಲಿ ಆರು ತಿಂಗಳ ಮಗುವಿಗೆ ಅಂತ ಮಾರುವ ಗೋಧಿಯದ್ದರಲ್ಲಿ ಸೇರಿಸಿದ ಸಕ್ಕರೆ ಇರಲಿಲ್ಲ. ಎಲ್ಲವೂ ಭಾರತದ ನಿಯಮದೊಳಗೇ ಇದೆ ಅಂತ ಕಂಪನಿ ಹೇಳಿತು. ಆಮೇಲೆ ಅದೇ ವರ್ಷ ಇಲ್ಲಿಯೂ ಸಂಸ್ಕರಿಸಿದ ಸಕ್ಕರೆ ಇಲ್ಲದ ಬಗೆಗಳನ್ನು ತಂದಿತು. ಅಂದರೆ ಮಾಡಲು ಆಗುತ್ತಿತ್ತು ಅಲ್ವಾ? ಮತ್ತೆ ಮೊದಲೇ ಯಾಕೆ ಮಾಡಲಿಲ್ಲ? ಮೂರು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಸಕ್ಕರೆ ಸೇರಿಸಲೇಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2022ರಲ್ಲೇ ಹೇಳಿದೆ. ಜರ್ಮನಿಯ ಮಗುವಿನ ನಾಲಿಗೆಗೆ ಬೇಡವಾದ ಸಕ್ಕರೆ ಉಡುಪಿಯ ಮಗುವಿಗೆ ಯಾಕೆ ಬೇಕು? ದೊಡ್ಡವರ ಚಾಕೊಲೇಟಿನಲ್ಲಿ ರುಚಿ ಬೇರೆ ಇದ್ದರೆ ಇರಲಿ ಅಂತ ಬಿಡಬಹುದು. ಇದನ್ನು ಬಿಡಲು ನನಗೆ ಸಾಧ್ಯವಿಲ್ಲ. ಮನೆಯಲ್ಲಿ ಚಿಕ್ಕ ಮಗು ಇದ್ದರೆ ರಾಗಿ ನೆನೆಸಿ, ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ ಮಣ್ಣಿ ಮಾಡಿ, ಸಕ್ಕರೆ ಬೆಲ್ಲ ಎರಡೂ ಹಾಕದೆ. ನಿಮ್ಮ ಅತ್ತೆಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನಮಗೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಪೂರ್ವ ಯುರೋಪಿನವರೂ ಇದೇ ದೂರು ಹೇಳುತ್ತಾ ಬಂದಿದ್ದರು. ಯುರೋಪಿಯನ್ ಒಕ್ಕೂಟ 19 ದೇಶಗಳ ಸುಮಾರು 1400 ತಿಂಡಿ ತಿನಿಸುಗಳನ್ನು ಹೋಲಿಸಿ 2019ರಲ್ಲಿ ಫಲಿತಾಂಶ ಕೊಟ್ಟಿತು. ಶೇ. 9ರಲ್ಲಿ ಮುಂಭಾಗ ಒಂದೇ, ಒಳಗಿನದ್ದು ಬೇರೆ. ಇನ್ನೂ ಶೇ. 22ರಲ್ಲಿ ಮುಂಭಾಗ ಹೆಚ್ಚುಕಡಿಮೆ ಒಂದೇ, ಒಳಗಿನದ್ದು ಬೇರೆ. ಆದರೆ ಪಶ್ಚಿಮಕ್ಕೆ ಒಳ್ಳೆಯದು, ಪೂರ್ವಕ್ಕೆ ಕೆಟ್ಟದ್ದು ಅನ್ನುವ ಹಾಗೆ ಏನೂ ಕಾಣಲಿಲ್ಲ. ಆದರೂ ಅವರು ಕಾನೂನು ಮಾಡಿದರು: ಸರಿಯಾದ ಕಾರಣ ಇಲ್ಲದೆ ಬೇರೆ ಮಾಲನ್ನು 'ಅದೇ ಇದು' ಅಂತ ಮಾರಿದರೆ ಅದು ಗ್ರಾಹಕರ ದಾರಿ ತಪ್ಪಿಸಿದ ಹಾಗೆ. ನಮ್ಮಲ್ಲಿಯೂ ಅಂಥದ್ದು ಬೇಕು.

ತರಿಸಿಕೊಳ್ಳುವ ಬಗ್ಗೆ: ಮಕ್ಕಳಿಗೆ ಆಸೆಯಾದರೆ ಚಾಕೊಲೇಟ್ ತರಿಸಿ, ಹಬ್ಬಕ್ಕೊಮ್ಮೆ ಕೊಡಿ. ಸೋಪು, ಪೇಸ್ಟು, ಬಟ್ಟೆ ತೊಳೆಯುವ ಪುಡಿಗೆಲ್ಲ ನೆಂಟರ ಲಗೇಜ್ ತುಂಬಿಸಬೇಡಿ.

ಪ್ರಶ್ನೆ: ಮಗ ದುಬೈಯಿಂದ ಬರುವಾಗ ಗ್ಯಾಲಕ್ಸಿ ಚಾಕೊಲೇಟ್, ನಿಡೋ ಹಾಲಿನ ಪುಡಿ ತರುತ್ತಾನೆ. ಗಲ್ಫಿನದ್ದು ಯಾವತ್ತೂ ಒಂದು ಕೈ ಮೇಲೆ ಅಂತ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹೌದಾ?
– ಓದುಗರು, ಮಲ್ಪೆ

ಉತ್ತರ: ನಾನು ಮಸ್ಕತ್ತಿನಲ್ಲಿ ಆಹಾರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡಿದವಳು. ಒಂದೇ ಹೆಸರಿನ ಕ್ರೀಮ್ ಬಿಸ್ಕತ್ತು ಎರಡು ದೇಶಗಳಿಂದ ನಮ್ಮ ಮೇಜಿಗೆ ಬರುತ್ತಿತ್ತು. ಹೊದಿಕೆ ಬಿಡಿಸಿ ಬಿಳಿ ಕಾಗದದ ಮೇಲೆ ಇಟ್ಟರೆ ಒಂದರ ಸುತ್ತ ಎಣ್ಣೆಯ ಕಲೆ ಬೇಗ ಹರಡುತ್ತಿತ್ತು, ಇನ್ನೊಂದರದ್ದು ಹರಡುತ್ತಿರಲಿಲ್ಲ. ಬಳಸಿದ ಕೊಬ್ಬೇ ಬೇರೆ. ಎರಡೂ ಅದೇ ಊರಿನ ಅಂಗಡಿಗಳಲ್ಲಿ ಮಾರಾಟಕ್ಕೆ ಇದ್ದವು. ಗಲ್ಫಿನ ಅಂಗಡಿ ಅಂದರೆ ಹತ್ತಾರು ದೇಶದ ಮಾಲು ಬಂದು ಸೇರುವ ಜಾಗ, ಮಾರಾಯ್ರೆ. 'ಗಲ್ಫಿನದ್ದು' ಅಂತ ಒಂದು ಗುಣ ಇಲ್ಲ. ಎಲ್ಲಿ ತಯಾರಾಯಿತು ಅಂತ ಹಿಂಬದಿಯಲ್ಲಿ ನೋಡಿ.

ಹಾಲಿನ ಪುಡಿಯಲ್ಲಿ ಮಾತ್ರ ನಿಮ್ಮವರ ಮಾತಿಗೆ ಕಾರಣ ಇದೆ. ನಿಡೋ ಕೆನೆಭರಿತ ಹಾಲಿನ ಪುಡಿ. ನಮ್ಮ ಅಂಗಡಿಯಲ್ಲಿ ಹಾಲಿನ ಪುಡಿ ಕೇಳಿದರೆ ಕೈಗೆ ಕೊಡುವುದು ಹೆಚ್ಚಾಗಿ ಡೈರಿ ವೈಟ್ನರ್. ಅದರಲ್ಲಿ ಸಾಮಾನ್ಯವಾಗಿ ಸಕ್ಕರೆ ಸೇರಿರುತ್ತದೆ, ಅದು ಇರುವುದು ಚಹಾಕ್ಕೆ. ಇವೆರಡನ್ನು ಹೋಲಿಸುವುದೇ ಸರಿಯಲ್ಲ. ಕೆನೆಭರಿತ ಹಾಲಿನ ಪುಡಿ ಅಂತ ಬರೆದದ್ದನ್ನೇ ಕೇಳಿ ತಗೊಳ್ಳಿ, ಇಲ್ಲಿಯೂ ಸಿಗುತ್ತದೆ.

ಒಂದು ಎಚ್ಚರಿಕೆ. ಫಾರಿನ್ ಸಾಮಾನು ಮಾರುವ ಒಂದು ಅಂಗಡಿಯಲ್ಲಿ ನಾನು ಕೊಂಡ ಚಾಕೊಲೇಟ್ ಡಬ್ಬದ ಮೇಲೆ ಅವಧಿ ಮುಗಿಯುವ ದಿನಾಂಕ ಕಾಣದ ಹಾಗೆ ಬೆಲೆಯ ಚೀಟಿ ಅಂಟಿಸಿದ್ದರು. ಕಿತ್ತು ನೋಡಿದರೆ ದಿನಾಂಕ ದಾಟಿತ್ತು. ಹೊರದೇಶದ ತಿನಿಸಿನ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಲೈಸೆನ್ಸ್ ನಂಬರ್ ಇರಲೇಬೇಕು. ಇಲ್ಲದಿದ್ದರೆ ಕೊಳ್ಳಬೇಡಿ, ಅಂಗಡಿಯವರು ಎಷ್ಟೇ ಪರಿಚಯದವರಾಗಿದ್ದರೂ.

ಪ್ರಶ್ನೆ: ಹೊರದೇಶದ ಕಾನೂನೇ ಯಾವಾಗಲೂ ಬಿಗಿ, ನಮ್ಮದು ಸಡಿಲ ಅಂತ ತರಗತಿಯಲ್ಲಿ ಚರ್ಚೆ ಆಯಿತು. ನಮ್ಮದು ಬಿಗಿ ಇರುವ ಒಂದು ಉದಾಹರಣೆಯಾದರೂ ಇದೆಯೇ?
– ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಇದೆ, ಅದೂ ನಮ್ಮ ಊರಿನವರಿಗೆ ಇಷ್ಟವಾದ ವಸ್ತುವಿನಲ್ಲೇ. ಭಾರತದಲ್ಲಿ ಐಸ್‌ಕ್ರೀಮ್ ಅಂತ ಬರೆಯಬೇಕಾದರೆ ಕನಿಷ್ಠ ಶೇ. 10 ಹಾಲಿನ ಕೊಬ್ಬು ಇರಬೇಕು. ತಾಳೆ ಎಣ್ಣೆಯಂಥ ಕೊಬ್ಬು ಹಾಕಿದರೆ 'ಫ್ರೋಜನ್ ಡೆಸರ್ಟ್' ಅಂತಲೇ ಬರೆಯಬೇಕು. ಬ್ರಿಟನ್ನಿನಲ್ಲಿ ಸಸ್ಯದ ಕೊಬ್ಬಿನದ್ದನ್ನೂ ಐಸ್‌ಕ್ರೀಮ್ ಅಂತ ಮಾರಬಹುದು. ನಾಳೆ ಗೆಳತಿಯರ ಜೊತೆ ಅಂಗಡಿಗೆ ಹೋದಾಗ ಕಪ್ಪಿನ ಮೇಲಿನ ಸಣ್ಣ ಅಕ್ಷರ ಓದಿ ನೋಡು. ಒಂದೇ ಫ್ರೀಜರಿನಲ್ಲಿ ಎರಡೂ ಬಗೆ ಪಕ್ಕಪಕ್ಕದಲ್ಲೇ ಇರುತ್ತವೆ.